ಅಟ್ಟದ ಮೈತ್ರಿ

ತಿಪಟೂರು
ಗುರುವಾರ

ಅಮ್ಮನಿಗೆ ವಂದನೆಗಳು.

ಶನಿವಾರದ ಚುನಾವಣಾ ಪ್ರಾರ್ಥನೆಗೆ ಹೆಂಗಸರನ್ನು ಕರೆದುಕೊಂಡು ನಮ್ಮ ಮನೆಗೆ ಬರಬೇಡ. ನೀನಿರುವ ನೊಣವಿನಕೆರೆಯಲ್ಲೇ ಮಾಡಿಸು. ಅವರಿಗೆ ಏನು ಕಾರಣ ಹೇಳುವುದೆಂದು ನೀನೇ ನೋಡು.

ಕುಡಿತ ಅಪ್ಪನನ್ನು ಕೊಂದ ವರ್ಷ ನೀನು ಕಟ್ಟಿದ ಪಕ್ಷ ಇದು. ನಮ್ಮ ಸಣ್ಣ ಕ್ರೈಸ್ತ ಪಕ್ಷಕ್ಕೆ ಪಾನನಿಷೇಧವೇ ಮೊದಲ ಮಾತು. ನಗರಸಭೆ ಚುನಾವಣೆಗೆ ದೊಡ್ಡ ಪಕ್ಷದವರು ಮೈತ್ರಿ ಕೇಳಿಕೊಂಡು ಬಂದಾಗ ನಾನು ಹಿಗ್ಗಿ, ನಿನ್ನನ್ನು ಕೇಳದೆ ಒಪ್ಪಿಕೊಂಡೆ. ಮೊನ್ನೆ ಅವರ ಕಡೆಯ ಗಂಗಣ್ಣ ಬ್ರಾಂದಿ ಪೆಟ್ಟಿಗೆಗಳನ್ನು ತಂದು ನಮ್ಮ ಕೊಬ್ಬರಿ ಅಟ್ಟಕ್ಕೆ ಏರಿಸಿ, ಮೇಲೆ ಕಾಯಿ ಹರಡಿಸಿದ.

“ಇದೇನು ಗಂಗಣ್ಣ?” ಎಂದೆ.

“ನಿಮ್ ನಾಕು ಓಟು ಯಾರಿಗ್ ಬೇಕು ಬುಡಪ್ಪ. ನಿಮ್ಮಟ್ಟ ಯಾರೂ ಹತ್ತಿ ನೋಡಲ್ಲ, ಅದುಕ್ಕೇ ಕಣಪ್ಪ ಮೈತ್ರಿ,” ಎಂದು ನಕ್ಕ. ನಾನು ಏಣಿ ಹಿಡಿದುಕೊಂಡಿದ್ದೆ.

ನಿನ್ನೆ ಚುನಾವಣಾ ತಪಾಸಣೆಯವರು ಬೀದಿಗೆ ಬಂದರು. ಪಕ್ಕದ ಮುನಾಫನ ಗ್ಯಾರೇಜಿನಲ್ಲಿ ಟೈರುಗಳನ್ನೂ ಉರುಳಿಸಿ ಹುಡುಕಿದರು. ನಮ್ಮ ಬಾಗಿಲಿಗೆ ಬಂದಾಗ ಅಧಿಕಾರಿ ಪಕ್ಷದ ಬೋರ್ಡು ನೋಡಿ, “ಇದು ಬುಡ್ರೋ, ಆ ಅಮ್ಮನ ಮನೆ,” ಎಂದು ತನ್ನವರನ್ನು ತಡೆದ. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮಾರು ಚೆನ್ನಾಗವ್ರಾ?” ಎಂದು ಕೇಳಿದ.

ಚೆನ್ನಾಗಿದ್ದಾರೆ ಎಂದು ಹೇಳಿ ಕೈಮುಗಿದೆ.

ನಿನ್ನ ಮಗ,
ಜಯಶೀಲ