ಹೋಗಿಬರುವ ಖರ್ಚು

ಅಕ್ಟೋಬರ್ 4, ಸಂಜೆ

ಕೈರೋದಿಂದ ಈಗ ಬಂದೆ. ನಮ್ಮೂರು ಮಿನ್ಯಾದ ಸ್ಟೇಷನ್ನಿನಿಂದ ಮನೆಗೆ ನಡಿಗೆ, ಟ್ಯಾಕ್ಸಿಗೆ ದುಡ್ಡು ಉಳಿದಿರಲಿಲ್ಲ. ಕೈರೋದಲ್ಲಿ ನರ್ಸಿಂಗ್ ಹುಡುಗಿಯರಿಗೆ ಭಾಷಣ — ಅಡ್ಡ ನಿಂತ ಮಗುವನ್ನು ಹೊಟ್ಟೆಯ ಮೇಲಿಂದಲೇ ಕೈಯಲ್ಲಿ ತಿರುಗಿಸುವುದು ಹೇಗೆ. ಸೂಲಗಿತ್ತಿಯಾಗಿ ನಲವತ್ತು ವರ್ಷ ಕಲಿತದ್ದು ನಲವತ್ತು ನಿಮಿಷದಲ್ಲಿ. ಮುಗಿದ ಮೇಲೆ ಮುತ್ತಿಕೊಂಡರು. ಒಬ್ಬಳು ಆರು ತಿಂಗಳ ಬಸುರಿ, ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೇ ಇಟ್ಟುಕೊಂಡಳು. ಎಷ್ಟು ಖುಷಿಯಾಯಿತು!

ಕೊಟ್ಟದ್ದು ಮಾಮೂಲು — ವೆಲ್ವೆಟ್ ಪೆಟ್ಟಿಗೆಯಲ್ಲಿ ಗಾಜಿನ ಫಲಕ. ಒಂಬತ್ತನೆಯದು.

ಅಕ್ಟೋಬರ್ 5

ಪಕ್ಕದ ಮನೆಯ ಉಮ್ ಗಿರ್ಗಿಸ್ ನೋಡಿ ನಕ್ಕಳು. "ಇದನ್ನ ಸೊಪ್ಪಿನ ಜೊತೆ ಬೇಯಿಸ್ಕೊಂಡು ತಿಂತೀಯೇನೇ ನಫೀಸಾ? ಡಾಕ್ಟ್ರು ಬಂದು ಮಾತಾಡಿದ್ರೆ ವಿಮಾನದ ಟಿಕೆಟ್ಟು, ದುಡ್ಡಿನ ಕವರು. ನಿಂಗೆ ಗಾಜಿನ ತುಂಡು! ಬಾಯಿದ್ದೋನು ಬರಗಾಲದಲ್ಲೂ ಬದುಕಿದ್ನಂತೆ. ಕೇಳೇ!"

ಸರಿಯೇ. ಆದರೆ ಕೇಳಿದರೆ ಕರೆಯುವುದನ್ನೇ ಬಿಟ್ಟರೆ? ಮಕ್ಕಳಿಲ್ಲ. ಗಂಡ ಹೋಗಿ ಹನ್ನೊಂದು ವರ್ಷ. ಇರುವುದು ವರ್ಷಕ್ಕೆರಡು ಸಲ ಆ ಹುಡುಗಿಯರು.

ಅಕ್ಟೋಬರ್ 19

ಕಾರ್ಯಕ್ರಮ ನಡೆಸುವ ಡಾಕ್ಟರ್ ಶಾಹೀನಾಜ್ ಫೋನು. ಹಿರಿಯಳೆಂದು ನನ್ನನ್ನು ಹಾಜ್ಜಾ ಅನ್ನುತ್ತಾಳೆ. ಡಿಸೆಂಬರಿನಲ್ಲಿ ಮತ್ತೆ ಬರಬೇಕಂತೆ. ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟೆ — ಸಂಭಾವನೆ, ಹೋಗಿಬರುವ ಖರ್ಚು.

"ಅಯ್ಯೋ ಹಾಜ್ಜಾ, ನೀವು ನಮ್ಮ ತಾಯಿ ಇದ್ದಂಗೆ. ನಮ್ಮನಮ್ಮಲ್ಲಿ ದುಡ್ಡಿನ ಮಾತಾ?"

"ತಾಯಿ ಅಂತ ರೈಲಿನವನು ಬಿಡ್ತಾನೇನಮ್ಮಾ? ಟಿಕೆಟ್ ಕೇಳ್ತಾನೆ."

"ಕಮಿಟೀಲಿ ಕೇಳಿ ಹೇಳ್ತೀನಿ."

ನವೆಂಬರ್ 2

ಫೋನಿಲ್ಲ.

ನವೆಂಬರ್ 23

ಇಲ್ಲ. ಉಮ್ ಗಿರ್ಗಿಸ್ ಮಗಳ ಮನೆಗೆ ಹೋಗಿದ್ದಾಳೆ. ಎರಡು ದಿನದಿಂದ ರೊಟ್ಟಿ ಮಾರುವವನನ್ನು ಬಿಟ್ಟರೆ ಯಾರೊಂದಿಗೂ ಮಾತಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಿತ್ತು...

ಡಿಸೆಂಬರ್ 1

ಗೆದ್ದೆ! ಡಾಕ್ಟರುಗಳಿಗೆ ಕೊಡುವಷ್ಟೇ ನನಗೂ. ದುಡ್ಡು ಆಗಲೇ ಫೋನಿಗೆ ಬಂದಿದೆ.

"ನೀವು ಕೇಳಿದ್ದು ನ್ಯಾಯ ಹಾಜ್ಜಾ, ನಮಗೇ ನಾಚ್ಕೆ ಆಯ್ತು" ಅಂದಳು ಶಾಹೀನಾಜ್. "ಪ್ರಯಾಣದ್ದಂತೂ ಚಿಂತೇನೇ ಬೇಡ. ಈ ವಯಸ್ಸಲ್ಲಿ ಯಾಕೆ ಅಲೀತೀರಾ? ಮನೇಲೇ ಕೂತು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಇನ್ಮೇಲೆ ಪ್ರತಿ ಸಲ ಅದನ್ನೇ ತೋರಿಸ್ತೀವಿ."

ಥ್ಯಾಂಕ್ಸ್ ಅಂದೆ. ಫೋನಿಟ್ಟ ಮೇಲೆ ಅಳು ಬಂತು.

ಡಿಸೆಂಬರ್ 4, ಮಧ್ಯಾಹ್ನ

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ದಿಂಬನ್ನೇ ಬಸುರಿ ಮಾಡಿಕೊಂಡು ಎಲ್ಲ ತೋರಿಸಿದೆ. ತಪ್ಪಿಲ್ಲದೆ ಮುಗಿಯಿತು. ಕೊನೆಯಲ್ಲಿ ಅಭ್ಯಾಸಬಲ — "ಏನಾದ್ರೂ ಕೇಳೋದಿದ್ರೆ ಕೇಳಿ ಮಕ್ಕಳೇ" ಅಂದುಬಿಟ್ಟೆ. ಅಂದು ಕಾಯುತ್ತ ಕೂತೆ. ಇದನ್ನು ಬರೆಯುವಾಗಲೂ ರೆಕಾರ್ಡ್ ಓಡುತ್ತಲೇ ಇದೆ. ನಿಲ್ಲಿಸಬೇಕು, ಆದರೆ ಯಾರಾದರೂ ಒಬ್ಬಳು —