ಅಜ್ಜಿಯ ಕೈಗೆ ಮೈಕು

ಆಗಸ್ಟ್ ೯, ಶನಿವಾರ

ಇಲ್ಲ, ನಿನ್ನೆ ಬರೆದದ್ದೇ ಖಾಯಂ, ಸ್ಪೀಕರು ಇಳಿಸುವುದಿಲ್ಲ. ನೆರೆಗೆ ಮನೆ ಕಳೆದುಕೊಂಡವರು ಈ ಶಾಲೆಯ ತುಂಬ ಇದ್ದಾರೆ. ಕಾಣೆಯಾದವರನ್ನು ನನ್ನ ರಾಕ್ ಬ್ಯಾಂಡಿನ ಹಳೇ ಸ್ಪೀಕರಿನಲ್ಲೇ ಕೂಗುತ್ತಿದ್ದೇವೆ. ಇವತ್ತು ಪರಿಹಾರ ಶಿಬಿರದ ಅಧಿಕಾರಿ ಮತ್ತೆ ಬಂದ. "ಯಜಮಾನ್ರೇ, ಇದು ನಿಮ್ ಶೋ ಅಲ್ಲ. ಸೌಂಡ್ ಕಮ್ಮಿ ಮಾಡಿ, ಇಲ್ದಿದ್ರೆ ನಾಳೆ ಎತ್ಕೊಂಡು ಹೋಗ್ತೀವಿ." "ದಿಸ್ ಈಸ್ ನಾಟ್ ನಾಯ್ಸ್ ಸರ್, ದಿಸ್ ಈಸ್..." ಎಂದೆ. ಕಾಲೇಜಿನ ಇಂಗ್ಲಿಷು ಅಲ್ಲಿಗೇ ಕೈಕೊಟ್ಟಿತು. ಸೌಂಡ್ ಕಮ್ಮಿ ಮಾಡಿ ಅಂತ ನನ್ನವಳು ಬದುಕಿರುವಷ್ಟು ದಿನವೂ ಹೇಳಿದಳು. ಅವಳ ಮಾತೇ ಕೇಳದವನು ಇವನದ್ದು ಕೇಳುತ್ತೇನೆಯೇ? ಈಗ ಅವಳಿದ್ದಿದ್ದರೆ ತಾನೇ ಬಂದು ಗುಂಡಿ ತಿರುಗಿಸುತ್ತಿದ್ದಳು, ಜಾಸ್ತಿಗೆ.

ಮೊಮ್ಮಗನನ್ನು ಹುಡುಕುತ್ತಿರುವ ಅಜ್ಜಿ ಸಂಜೆ ಬೈದಳು: "ನಿನ್ ಗಂಟಲು ಅವನಿಗೇನು ಗೊತ್ತಪ್ಪಾ? ಯಾರೋ ಗಂಡಸು ಕೂಗಿದ್ರೆ ಬಚ್ಚಿಟ್ಕೊಳ್ತಾನೆ. ಇತ್ತ ಕೊಡು." ಸ್ಟೇಜಿನ ಮೇಲೆ ಯಾರಿಗೂ ಮೈಕು ಬಿಟ್ಟುಕೊಟ್ಟವನಲ್ಲ ನಾನು. ಕೊಟ್ಟೆ. "ಬಾರೋ ಪುಟ್ಟಾ, ಬೈಯಲ್ಲ ಬಾ" ಎಂದಳು. ಇಡೀ ಬೀದಿ ನಿಂತು ಕೇಳಿತು. ಹುಡುಗ ಇನ್ನೂ ಬಂದಿಲ್ಲ.

ನಾಳೆ ಬರಲಿ ಅವರು. ಸ್ಪೀಕರಿನ ಮೇಲೆ ಕೂತಿರುತ್ತೇನೆ, ನನ್ನನ್ನೂ ಸೇರಿಸಿ ಎತ್ತಲಿ. ಇನ್ನೊಂದು ಬರೆಯಬೇಕಿತ್ತು, ಆ ಇಂಗ್ಲಿಷ್ ಪದ... ದೀಪ ಮಂಕಾಗುತ್ತಿದೆ. ಇದಕ್ಕೂ ಸ್ಪೀಕರಿನ ಬ್ಯಾಟರಿಯೇ. ಆರಿಸಿಬಿಡುತ್ತೇನೆ, ಬೆಳಿಗ್ಗೆ ಅಜ್ಜಿಗೆ ಬೇಕು.