ಮೇ ತಿಂಗಳವರೆಗೆ ಕಾದ ಡೆಲ್ಫಿನ್

ಕಾಮೂರಾಸ್ಕಾ, ಕ್ವಿಬೆಕ್
11 ಮೇ 1974

ಪ್ರೀತಿಯ ದೊಡ್ಡಮ್ಮ,

ನಿಮ್ಮ ತಾತ ಟೆಲೆಸ್ಫೋರ್ ಹೆಂಡತಿ ಬದುಕಿರುವಾಗಲೇ ಮತ್ತೊಂದು ಮದುವೆಯಾದರೆಂದು ನಂಬಿ, ಎರಡನೆಯವಳ ಮಗಳಾದ ನಿಮ್ಮ ಅಮ್ಮನ ಹೆಸರನ್ನು ವಂಶವೃಕ್ಷದಲ್ಲಿ ಬರೆಯದೆ ಬಿಟ್ಟಿರಲ್ಲ, ಅದು ತಪ್ಪು. ಮದುವೆ 1887ರ ಫೆಬ್ರುವರಿಯಲ್ಲಿ, ಮೊದಲ ಹೆಂಡತಿ ಡೆಲ್ಫಿನ್ ಮಣ್ಣಾದದ್ದು ಮೇ ತಿಂಗಳಲ್ಲಿ ಎಂಬುದೇನೋ ನಿಜ. ಆದರೆ ಇಲ್ಲಿನ ಸ್ಮಶಾನದ ಮೂಲೆಯಲ್ಲಿ ಕಿಟಕಿಯಿಲ್ಲದ ಕಲ್ಲಿನ ಕೋಣೆಯೊಂದಿದೆ. ಚಳಿಗಾಲದಲ್ಲಿ ಸತ್ತವರನ್ನು ಅದರಲ್ಲಿಟ್ಟು, ಹಿಮ ಕರಗಿದ ಮೇಲೆ ಹೂಳುತ್ತಿದ್ದರು.

"ಅಷ್ಟು ತಿಂಗಳು ಹಾಗೇ ಇಡ್ತಿದ್ರಾ?" ಎಂದೆ.

ಸ್ಮಶಾನ ಕಾಯುವ ಮುದುಕ ಒನೆಸಿಮ್ ನಕ್ಕ. "ಸೆಕೆಯ ಲೂಯಿಸಿಯಾನಾದವಳಲ್ವಾ, ಅದಕ್ಕೇ ಕೇಳ್ತೀಯ. ಜನವರಿಯಲ್ಲಿ ಇಲ್ಲಿ ನೆಲ ಹೆಪ್ಪುಗಟ್ಟಿ ಗುದ್ದಲಿ ಮುರಿಯುತ್ತೆ ತಾಯಿ, ಗುಂಡಿ ಆಗಲ್ಲ. ನಮ್ಮಜ್ಜಿನೂ ಒಂದು ಚಳಿಗಾಲ ಇದರಲ್ಲೇ ಇದ್ಲು. ಬದುಕಿದ್ದಾಗ ಗೊಣಗಿದಷ್ಟು ಇಲ್ಲಿ ಗೊಣಗಲಿಲ್ಲ ಬಿಡು."

ಚರ್ಚಿನ ಮೂಲ ಪುಸ್ತಕವನ್ನೂ ನೋಡಿದೆ. ಡೆಲ್ಫಿನ್ ತೀರಿಕೊಂಡದ್ದು 1886ರ ಡಿಸೆಂಬರ್ 3ರಂದು. ಚರ್ಚಿನವರು ನಮಗೆ ಕಳಿಸಿದ್ದ ಪಟ್ಟಿಯಲ್ಲಿ ಹೂಳಿದ ದಿನ ಮಾತ್ರ ಇತ್ತು.

ನನ್ನ ಕೆಮ್ಮು ಇಳಿದಿದೆ, ಉಣ್ಣೆಯ ಕಾಲುಚೀಲ ಕೊಂಡಿದ್ದೇನೆ. ಬಸ್ಸು ಬಂತು. ನಿಮ್ಮ ಅಮ್ಮನ ಹೆಸರನ್ನು ಈ ಪತ್ರ ಸಿಕ್ಕ ದಿನವೇ ಬರೆಯಿರಿ. ಪೆನ್ಸಿಲ್ ಬೇಡ, ಶಾಯಿಯಲ್ಲೇ ಬರೆಯಿರಿ.

ನಿಮ್ಮ ಒಡಿಲ್